ಉಪವಾಸದ ದಡ: ಆನ್ಯೊ ನುಯೆವೊದಲ್ಲಿ ಎಲಿಫೆಂಟ್ ಸೀಲ್ ನೋಡುವುದು ಹೇಗೆ, ಯಾವಾಗ

ಸ್ಯಾನ್ ಫ್ರಾನ್ಸಿಸ್ಕೊದ ಪಿಯರ್ 39ರಲ್ಲಿ ಹಲಗೆಗಳ ಮೇಲೆ ಬೊಗಳುತ್ತಾ ಬಿದ್ದುಕೊಂಡಿರುತ್ತವಲ್ಲ, ಅವು ಸೀ ಲಯನ್‌ಗಳು. ಊರಿಂದ ಬಂದ ಅಪ್ಪ-ಅಮ್ಮನಿಗೆ ಅವನ್ನು ತೋರಿಸಿ "ಸೀಲ್ ನೋಡಿ ಆಯ್ತು" ಎಂದು ಪಟ್ಟಿಯಲ್ಲಿ ಗೀಟು ಹಾಕುವ ಮನೆಗಳು ಈ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ, ಸಾಕಷ್ಟಿವೆ. ಸೀ ಲಯನ್‌ಗೆ ಪುಟ್ಟದಾದರೂ ಹೊರಗಿವಿ ಇರುತ್ತದೆ, ಹಿಂದಿನ ಈಜುರೆಕ್ಕೆಗಳನ್ನು ಹೊಟ್ಟೆಯ ಕೆಳಗೆ ಮಡಚಿ ನಾಲ್ಕು ಕಾಲಿನ ಪ್ರಾಣಿಯ ಹಾಗೆ ನಡೆಯುತ್ತದೆ. ಎಲಿಫೆಂಟ್ ಸೀಲ್‌ಗೆ ಕಿವಿಯ ಜಾಗದಲ್ಲಿ ಬರೀ ತೂತು. ಹಿಂದಿನ ರೆಕ್ಕೆಗಳು ಮುಂದಕ್ಕೆ ಮಡಚುವುದಿಲ್ಲ, ಹಾಗಾಗಿ ಮರಳಿನ ಮೇಲೆ ಹೊಟ್ಟೆಯನ್ನು ಅಲೆಯಲೆಯಾಗಿ ಎತ್ತಿ ಎಸೆಯುತ್ತಾ ಸಾಗಬೇಕು. ಗಾತ್ರದಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಬಲಿತ ಗಂಡು ಎಲಿಫೆಂಟ್ ಸೀಲ್ 14ರಿಂದ 16 ಅಡಿ ಉದ್ದ, 2,300 ಕಿಲೋವರೆಗೂ ತೂಕ. ಹೆಣ್ಣು 9ರಿಂದ 12 ಅಡಿ, 400ರಿಂದ 800 ಕಿಲೋ.

ಇವನ್ನು ಗುಂಪಾಗಿ, ಹತ್ತಿರದಿಂದ, ಗೈಡ್ ಜೊತೆ ನೋಡಲು ಆಗುವ ಜಾಗ ಆನ್ಯೊ ನುಯೆವೊ ಸ್ಟೇಟ್ ಪಾರ್ಕ್. ಹೈವೇ 1ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಸುಮಾರು 55 ಮೈಲಿ, ಸಾಂಟಾ ಕ್ರೂಸ್‌ನಿಂದ ಉತ್ತರಕ್ಕೆ 20 ಮೈಲಿಯ ಆಸುಪಾಸು. ಹೋಗಿ ಬಂದ ಕೆಲವರು "ಏನಿದೆ ಅಲ್ಲಿ, ಎಲ್ಲ ಮಲಗಿದ್ದವು" ಎನ್ನುತ್ತಾರೆ. ಇನ್ನು ಕೆಲವರು "ರಕ್ತ, ಕಚ್ಚಾಟ, ಮಕ್ಕಳು ಹೆದರಿದವು" ಎನ್ನುತ್ತಾರೆ. ಇಬ್ಬರೂ ನೋಡಿದ್ದು ನಿಜ. ಆದರೆ ಆ ನಿದ್ದೆ, ಆ ಕಚ್ಚಾಟ ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕ: ದಡದಲ್ಲಿರುವಷ್ಟು ದಿನ ಈ ಪ್ರಾಣಿ ಏನನ್ನೂ ತಿನ್ನುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ನೋಡಿದರೆ ಕಡಲತೀರದಲ್ಲಿ ಕಾಣುವ ಪ್ರತಿಯೊಂದಕ್ಕೂ ಅರ್ಥ ಸಿಗುತ್ತದೆ.

ಸಮುದ್ರದಲ್ಲಿ ಗಳಿಕೆ, ದಡದಲ್ಲಿ ಖರ್ಚು

ಎಲಿಫೆಂಟ್ ಸೀಲ್ ವರ್ಷದ ಬಹುಪಾಲು ಸಮುದ್ರದಲ್ಲೇ ಇರುತ್ತದೆ, ಅದೂ ಒಂಟಿಯಾಗಿ. ಗಂಡುಗಳು ಅಲಾಸ್ಕಾ ಕೊಲ್ಲಿ, ಅಲ್ಯೂಷಿಯನ್ ದ್ವೀಪಗಳವರೆಗೆ ಹೋಗಿ ಖಂಡದ ಅಂಚಿನ ತಳದಲ್ಲಿ ಮೇಯುತ್ತವೆ. ಹೆಣ್ಣುಗಳು ಉತ್ತರ ಪೆಸಿಫಿಕ್‌ನ ನಟ್ಟನಡು ಸಮುದ್ರದಲ್ಲಿ ಸ್ಕ್ವಿಡ್, ಆಳನೀರಿನ ಸಣ್ಣ ಮೀನುಗಳನ್ನು ಹಿಡಿಯುತ್ತವೆ. ವರ್ಷಕ್ಕೆ ಎರಡು ಬಾರಿ ಹೋಗಿ ಎರಡು ಬಾರಿ ಬರುತ್ತವೆ: ಒಮ್ಮೆ ಮರಿ ಹಾಕಿ ಕೂಡಲು, ಇನ್ನೊಮ್ಮೆ ಚರ್ಮ ಕಳಚಲು. ಎರಡೂ ಪ್ರಯಾಣ ಸೇರಿ ಹೆಣ್ಣು ಸುಮಾರು 18,000 ಕಿಲೋಮೀಟರ್, ಗಂಡು 21,000 ಕಿಲೋಮೀಟರ್ ಈಜುತ್ತದೆ.

ಸಮುದ್ರದಲ್ಲಿದ್ದಾಗ ನೂರರಲ್ಲಿ ತೊಂಬತ್ತು ಪಾಲು ಸಮಯ ನೀರಿನ ಕೆಳಗೇ. 20-30 ನಿಮಿಷದ ಮುಳುಗು, ಎರಡು ಮೂರು ನಿಮಿಷ ಮೇಲೆ ಬಂದು ಉಸಿರು, ಮತ್ತೆ ಮುಳುಗು. ಹಗಲೂ ರಾತ್ರಿ, ತಿಂಗಳುಗಟ್ಟಲೆ. ಮಾಮೂಲಿ ಆಳ 400ರಿಂದ 600 ಮೀಟರ್. 1,700 ಮೀಟರ್ ದಾಟಿದ್ದೂ, ಒಂದೇ ಉಸಿರಿನಲ್ಲಿ ಎರಡು ಗಂಟೆಯ ಹತ್ತಿರ ಇದ್ದದ್ದೂ ದಾಖಲಾಗಿದೆ. ನಾವು ಮುಳುಗುವ ಮುಂಚೆ ಗಾಳಿ ಎಳೆದುಕೊಳ್ಳುತ್ತೇವೆ. ಇವು ಗಾಳಿಯನ್ನು ಹೊರಗೆ ಬಿಟ್ಟು ಮುಳುಗುತ್ತವೆ. ಬೇಕಾದ ಆಮ್ಲಜನಕ ಇರುವುದು ಶ್ವಾಸಕೋಶದಲ್ಲಲ್ಲ, ರಕ್ತದಲ್ಲಿ ಮತ್ತು ಸ್ನಾಯುಗಳಲ್ಲಿ. ದೇಹತೂಕದ ಐದರಲ್ಲಿ ಒಂದು ಭಾಗದಷ್ಟು ರಕ್ತವೇ ಇದೆ. ಆಳದ ಒತ್ತಡಕ್ಕೆ ಶ್ವಾಸಕೋಶ ಕುಗ್ಗಿಹೋಗುವುದರಿಂದ ಗಾಳಿಯ ಸಾರಜನಕ ರಕ್ತಕ್ಕೆ ಸೇರುವುದಿಲ್ಲ. ಡೈವಿಂಗ್ ಮಾಡುವವರನ್ನು ಕಾಡುವ, ರಕ್ತದಲ್ಲಿ ಸಾರಜನಕದ ಗುಳ್ಳೆ ಏಳುವ ರೋಗ ಇವನ್ನು ಕಾಡುವುದಿಲ್ಲ.

ನಿದ್ದೆಯೂ ನೀರಿನೊಳಗೇ. ಸೀಲ್‌ಗಳ ತಲೆಗೆ ಮಿದುಳಿನ ಅಲೆಗಳನ್ನು ಅಳೆಯುವ ಇಇಜಿ ಟೋಪಿ ಕಟ್ಟಿ ಮಾಡಿದ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಮುದ್ರದಲ್ಲಿ ಇವು ದಿನಕ್ಕೆ ಸರಾಸರಿ ಎರಡು ಗಂಟೆ ಮಾತ್ರ ನಿದ್ದೆ ಮಾಡುತ್ತವೆ. ಅದೂ ಇಪ್ಪತ್ತು ನಿಮಿಷವೂ ಎಳೆಯದ ತುಂಡು ನಿದ್ದೆಗಳು. ನೂರಾರು ಮೀಟರ್ ಕೆಳಗೆ, ಶಾರ್ಕ್ ಮತ್ತು ಕಿಲ್ಲರ್ ವೇಲ್‌ಗಳ ಕಣ್ಣಿಗೆ ಬೀಳದ ಆಳದಲ್ಲಿ, ಬೆನ್ನಡಿಯಾಗಿ ಸುತ್ತುತ್ತಾ ಇಳಿಯುವಾಗ. ದಡಕ್ಕೆ ಬಂದ ಮೇಲೆ ದಿನಕ್ಕೆ ಹತ್ತು ಗಂಟೆಗೂ ಹೆಚ್ಚು. "ಎಲ್ಲ ಮಲಗಿದ್ದವು" ಎಂದು ಬೇಸರಪಡುವ ಮುನ್ನ ಇದನ್ನು ನೆನೆಸಿಕೊಳ್ಳಬೇಕು.

ದಡದಲ್ಲಿ ಇರುವುದೆಲ್ಲ ಖರ್ಚೇ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರಲ್ಲ, ಇಲ್ಲಿ ಆ ಕುಡಿಕೆ ಎಂದರೆ ಚರ್ಮದ ಕೆಳಗಿನ ಕೊಬ್ಬಿನ ಪದರ. ಯಜಮಾನ ಗಂಡು ಡಿಸೆಂಬರ್‌ನಲ್ಲಿ ಬಂದು ಮಾರ್ಚ್‌ವರೆಗೂ, ಹತ್ತಿರ ಹತ್ತಿರ ಮೂರು ತಿಂಗಳು, ಆ ಕೊಬ್ಬಿನ ಮೇಲೆಯೇ ಬದುಕುತ್ತದೆ. ಹೋಗುವಾಗ ಬಂದಾಗಿನ ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಕರಗಿರುತ್ತದೆ. ನೀರೂ ಕೊಬ್ಬಿನಿಂದಲೇ: ಕೊಬ್ಬು ಉರಿದಾಗ ದೇಹದೊಳಗೆ ನೀರು ಹುಟ್ಟುತ್ತದೆ, ಮೂಗಿನೊಳಗಿನ ಸುರುಳಿ ಎಲುಬುಗಳು ಉಸಿರಿನ ತೇವವನ್ನು ಹೊರಹೋಗುವ ಮುಂಚೆಯೇ ಹಿಡಿದು ವಾಪಸು ಕೊಡುತ್ತವೆ. ಅನಾವಶ್ಯಕವಾಗಿ ಒಂದು ಗಜ ಸರಿದರೂ ಅದು ಉಳಿತಾಯಕ್ಕೆ ಕತ್ತರಿ. ಮಲಗಿರುವುದು ಸೋಮಾರಿತನವೇನೂ ಅಲ್ಲ.

ಮರಳಿನ ಮೇಲೆ ಕಾಣುವುದನ್ನು ಓದುವುದು

ಮೊದಲು ಮಕ್ಕಳು ಕೇಳುವ ಪ್ರಶ್ನೆ: "ಅದು ಸತ್ತುಹೋಗಿದೆಯಾ?" ದಡದಲ್ಲಿ ಮಲಗಿದ ಸೀಲ್ ಕೂಡ ನೀರೊಳಗಿನ ಅಭ್ಯಾಸದಂತೆ ಉಸಿರು ಕಟ್ಟುತ್ತದೆ. ಹತ್ತು, ಹದಿನೈದು ನಿಮಿಷ ಪಕ್ಕೆ ಅಲುಗದೇ ಇರಬಹುದು. ಮೂಗಿನ ಹೊಳ್ಳೆ ನೋಡುತ್ತಿರಿ. ಬಿಗಿಯಾಗಿ ಮುಚ್ಚಿರುತ್ತದೆ; ಒಮ್ಮೆಲೇ ತೆರೆದು ಬುಸ್ ಎಂದು ಬಿಟ್ಟು, ಒಂದೆರಡು ನಿಮಿಷ ಸರಸರ ಉಸಿರಾಡಿ ಮತ್ತೆ ಮುಚ್ಚುತ್ತದೆ. ಕಣ್ಣಿನ ಸುತ್ತ ಒದ್ದೆ ಕಂಡರೆ ಅಳುತ್ತಿದೆ ಎಂದುಕೊಳ್ಳಬೇಡಿ, ಕಣ್ಣಿಗೆ ಮರಳು ತಾಗದಂತೆ ಹರಿಯುವ ನೀರು ಅದು. ಮುಂದಿನ ರೆಕ್ಕೆಯಿಂದ ಮರಳು ಮೊಗೆದು ಬೆನ್ನ ಮೇಲೆ ಎರಚಿಕೊಳ್ಳುವುದು ಮೈ ತಂಪು ಮಾಡಿಕೊಳ್ಳಲು. ನಾಲ್ಕು ಡಿಗ್ರಿ ತಣ್ಣೀರಿಗೆ ಹೊಂದಿದ ದೇಹಕ್ಕೆ ಕ್ಯಾಲಿಫೋರ್ನಿಯಾದ ಚಳಿಗಾಲದ ಬಿಸಿಲೂ ಸೆಕೆಯೇ.

ಗಂಡಿನ ಸೊಂಡಿಲಿನಂತಹ ಮೂಗು ಹುಟ್ಟಿನಿಂದ ಬರುವುದಿಲ್ಲ. ಮೂರರಿಂದ ಐದು ವರ್ಷದ ಹೊತ್ತಿಗೆ ಬೆಳೆಯಲು ಶುರುವಾಗಿ ಎಂಟು ಒಂಬತ್ತರ ಹೊತ್ತಿಗೆ ಪೂರ್ತಿಯಾಗುತ್ತದೆ. ಮೂಗು ಬಾಯಿಯ ಮುಂದೆ ಜೋತುಬಿದ್ದಿದ್ದರೆ, ಕತ್ತು ಎದೆ ಗಡುಸಾಗಿ ಬಿರುಕು ಬಿಟ್ಟು ಗುಲಾಬಿಗೆ ತಿರುಗಿದ್ದರೆ ಅದು ಹಳೆಯ ಹುಲಿ. ಆ ಗುಲಾಬಿ ಗುರಾಣಿ ವರ್ಷಾನುಗಟ್ಟಲೆ ಕಚ್ಚಿಸಿಕೊಂಡು ಜಡ್ಡುಗಟ್ಟಿದ ಚರ್ಮ.

ಕಾಳಗದಲ್ಲೂ ಅದೇ ಲೆಕ್ಕ ಕೆಲಸ ಮಾಡುತ್ತದೆ. ಹತ್ತರಲ್ಲಿ ಒಂಬತ್ತು ಜಗಳ ಕಚ್ಚಾಟಕ್ಕೆ ಹೋಗುವುದೇ ಇಲ್ಲ. ಯಜಮಾನ ತಲೆ ಎತ್ತಿ, ಮೂಗನ್ನು ಬಾಯೊಳಗೆ ಇಳಿಬಿಟ್ಟು, ಗಂಟಲಿನಿಂದ ಟಕ್-ಟಕ್-ಟಕ್ ಎಂದು ದೊಡ್ಡದಾಗಿ ಬಡಿಯುವಂತೆ ಕೂಗುತ್ತದೆ. ಪ್ರತಿ ಗಂಡಿನ ಕೂಗಿಗೂ ಅದರದೇ ಲಯ, ಅದರದೇ ಸ್ವರ. ಅಕ್ಕಪಕ್ಕದ ಗಂಡುಗಳು ಅದನ್ನು ಕಲಿತುಕೊಂಡಿರುತ್ತವೆ. ಲಯ ಬದಲಿಸಿದ ಧ್ವನಿಮುದ್ರಣ ಹಾಕಿದರೆ ಗುರುತು ಹಿಡಿಯಲಾರವು ಎಂದು ಆನ್ಯೊ ನುಯೆವೊದಲ್ಲೇ ನಡೆದ ಪ್ರಯೋಗಗಳು ತೋರಿಸಿವೆ. ಒಮ್ಮೆ ಸೋತ ಗಂಡು ಮುಂದೆ ಆ ಕೂಗು ಕೇಳಿದರೆ ಸಾಕು, ಎದ್ದು ಹಿಂದೆ ಸರಿಯುತ್ತದೆ. ಇಬ್ಬರಿಗೂ ಕೊಬ್ಬು ಉಳಿಯಿತು. ಕಚ್ಚಾಟ ಆಗುವುದು ಸರಿಸಮಾನರು ಎದುರಾದಾಗ, ಅಥವಾ ಹೊಸಬ ಬಂದಾಗ: ಎದೆಗೆ ಎದೆ ಕೊಟ್ಟು ನಿಂತು, ಕೋರೆಹಲ್ಲಿನಿಂದ ಕತ್ತಿನ ಮೇಲೆ ಮೇಲಿಂದ ಕೆಳಕ್ಕೆ ಹೊಡೆತ. ಇಷ್ಟೆಲ್ಲ ಏಕೆಂದರೆ, ಹುಟ್ಟಿದ ಗಂಡುಗಳಲ್ಲಿ ಹತ್ತರಲ್ಲಿ ಒಂದಕ್ಕೂ ಜೀವಮಾನದಲ್ಲಿ ಕೂಡುವ ಅವಕಾಶ ಸಿಗುವುದಿಲ್ಲ. ಬಹುತೇಕ ಗಂಡುಗಳು ಬಲಿಯುವ ಮುಂಚೆಯೇ ಸಾಯುತ್ತವೆ, ಉಳಿದವು ಗುಂಪಿನ ಅಂಚಿನಲ್ಲಿ ಕಾಯುತ್ತಾ ಕಾಲ ಕಳೆಯುತ್ತವೆ.

ಹೆಣ್ಣುಗಳು ಡಿಸೆಂಬರ್ ಕೊನೆಯಿಂದ ಬರತೊಡಗುತ್ತವೆ. ದಡ ಹತ್ತಿ ವಾರದೊಳಗೆ ಮರಿ ಹಾಕುತ್ತವೆ. ಹೆರಿಗೆ ಎಲ್ಲಿ ಆಗುತ್ತಿದೆ ಎಂದು ತಿಳಿಯಲು ಸೀಲ್‌ಗಳನ್ನು ನೋಡಬೇಕಿಲ್ಲ, ಗಲ್ ಹಕ್ಕಿಗಳನ್ನು ನೋಡಿ. ಒಂದು ಕಡೆ ಇದ್ದಕ್ಕಿದ್ದಂತೆ ಹತ್ತಿಪ್ಪತ್ತು ಹಕ್ಕಿ ಚೀರಾಡುತ್ತಾ ಇಳಿದರೆ ಅಲ್ಲಿ ಹೆರಿಗೆಯ ಮಾಸು ಬಿದ್ದಿದೆ, ಮರಿ ಹುಟ್ಟಿ ನಿಮಿಷಗಳಷ್ಟೇ ಆಗಿದೆ ಎಂದರ್ಥ. ತಾಯಿ ತಕ್ಷಣ ಮೂಗು ತಾಗಿಸಿ ಮರಿಯೊಂದಿಗೆ ಕೂಗು ವಿನಿಮಯ ಮಾಡಿಕೊಳ್ಳುತ್ತದೆ. ಈ ಗದ್ದಲದಲ್ಲಿ ಮುಂದಿನ ನಾಲ್ಕು ವಾರ ಒಂದನ್ನೊಂದು ಹುಡುಕಲು ವಾಸನೆ ಮತ್ತು ಆ ಕೂಗೇ ಆಧಾರ.

ಮರಿ ಹುಟ್ಟಿದಾಗ ಸುಮಾರು 34 ಕಿಲೋ, ಕಪ್ಪು ತುಪ್ಪಳ, ಸುಕ್ಕು ಸುಕ್ಕು ಮೈ. ತಾಯಿಯ ಹಾಲು ಮೊದಲು ನೀರಾಗಿದ್ದು ದಿನ ಕಳೆದಂತೆ ಗಟ್ಟಿಯಾಗಿ ಕೊನೆಗೆ ಅರ್ಧಕ್ಕೂ ಹೆಚ್ಚು ಪಾಲು ಕೊಬ್ಬೇ ಆಗುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕರಷ್ಟು. 25ರಿಂದ 28 ದಿನದಲ್ಲಿ ಮರಿ 110ರಿಂದ 160 ಕಿಲೋ ಮುಟ್ಟುತ್ತದೆ. ಅಷ್ಟೂ ದಿನ ತಾಯಿ ಉಪವಾಸ. ತಾಯಿ ಕಳೆದುಕೊಳ್ಳುವ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮರಿಗೆ ಸೇರುತ್ತದೆ, ಉಳಿದದ್ದು ಅದರ ಜೀವ ಹಿಡಿದಿಡಲು ಖರ್ಚಾಗುತ್ತದೆ. ತನ್ನ ತೂಕದ ಐದರಲ್ಲಿ ಎರಡು ಪಾಲು ಕರಗಿದ ಮೇಲೆ ಕಡೆಯ ಮೂರ್ನಾಲ್ಕು ದಿನ ಗಂಡಿನೊಂದಿಗೆ ಕೂಡಿ, ಒಂದು ದಿನ ಮರಿಯನ್ನು ಅಲ್ಲೇ ಬಿಟ್ಟು ಸಮುದ್ರಕ್ಕೆ ಇಳಿದುಬಿಡುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಕಟುಕತನ ಎನಿಸಬಹುದು, ಆದರೆ ಇನ್ನೊಂದು ವಾರ ಇದ್ದರೆ ತಾಯಿಯೇ ಉಳಿಯುವುದು ಅನುಮಾನ.

ಇನ್ನೊಂದು ಜಾಣತನ ಹೊರಗೆ ಕಾಣುವುದಿಲ್ಲ. ಕೂಡಿದ ಮೇಲೆ ಫಲಿತ ಭ್ರೂಣ ಮೂರು ನಾಲ್ಕು ತಿಂಗಳು ಗರ್ಭಕ್ಕೆ ಅಂಟಿಕೊಳ್ಳದೆ ಹಾಗೇ ತೇಲುತ್ತಿರುತ್ತದೆ. ನಿಜವಾದ ಬೆಳವಣಿಗೆ ಏಳೆಂಟು ತಿಂಗಳದ್ದು. ಈ ಬಿಡುವು ಇರುವುದರಿಂದಲೇ ಪ್ರತಿ ವರ್ಷ ಅದೇ ವಾರದಲ್ಲಿ ಅದೇ ದಡಕ್ಕೆ ಬಂದು ಹೆರುವುದು, ಆ ಒಂದೇ ಭೇಟಿಯಲ್ಲಿ ಮುಂದಿನ ಗರ್ಭವನ್ನೂ ಧರಿಸುವುದು ಸಾಧ್ಯ.

ತಾಯಿ ಬಿಟ್ಟುಹೋದ ಮರಿಗಳನ್ನು ಗೈಡ್‌ಗಳು ವೀನರ್ ಎನ್ನುತ್ತಾರೆ. ಕಪ್ಪು ತುಪ್ಪಳ ಉದುರಿ ಬೆಳ್ಳಿ ಬಣ್ಣ ಬರುತ್ತದೆ. ಎಂಟು ಹತ್ತು ವಾರ ಗುಂಪು ಕಟ್ಟಿಕೊಂಡು ದಿಬ್ಬಗಳ ನಡುವೆ ಬಿದ್ದಿದ್ದು, ಸಂಜೆ ಹೊತ್ತು ಆಳವಿಲ್ಲದ ನೀರಿನಲ್ಲಿ ಉಸಿರು ಹಿಡಿಯುವುದನ್ನು ತಾವೇ ಕಲಿಯುತ್ತವೆ. ಹೇಳಿಕೊಡುವವರು ಯಾರೂ ಇಲ್ಲ. ಅಮ್ಮ ಕೊಟ್ಟ ಕೊಬ್ಬು ಮುಗಿಯುವುದರೊಳಗೆ ಕಲಿಯಬೇಕು, ಏಪ್ರಿಲ್ ಹೊತ್ತಿಗೆ ಹೊರಡಬೇಕು. ಕೆಲವು ತಾಯಿ ಹೋದ ಮೇಲೆ ಬೇರೆ ಹೆಣ್ಣಿನ ಹಾಲು ಕದ್ದೋ, ಮರಿ ಕಳೆದುಕೊಂಡ ಹೆಣ್ಣು ಸಿಕ್ಕಿಯೋ ಎರಡರಷ್ಟು ದಪ್ಪಗಾಗುತ್ತವೆ. ಅವು ಸೂಪರ್ ವೀನರ್‌ಗಳು, ನೋಡಿದರೆ ಉರುಳುವ ಪೀಪಾಯಿ.

ಸತ್ತ ಮರಿಗಳೂ ಕಣ್ಣಿಗೆ ಬೀಳುತ್ತವೆ. ಅಡ್ಡಾದಿಡ್ಡಿ ನುಗ್ಗುವ ಗಂಡಿನ ಕೆಳಗೆ ಸಿಕ್ಕಿದ್ದು, ಜನವರಿಯ ಬಿರುಗಾಳಿ ಮತ್ತು ದೊಡ್ಡ ಉಬ್ಬರ ಒಟ್ಟಿಗೆ ಬಂದಾಗ ಕೊಚ್ಚಿ ಹೋದದ್ದು, ತಾಯಿಯಿಂದ ತಪ್ಪಿ ಬೇರೆ ಹೆಣ್ಣುಗಳ ಬಾಯಿಗೆ ಸಿಕ್ಕಿದ್ದು. ಗೈಡ್‌ಗಳು ಯಾವುದಕ್ಕೂ ಕೈ ಹಾಕುವುದಿಲ್ಲ, ಹಾಕಲು ಕಾನೂನೂ ಬಿಡುವುದಿಲ್ಲ. ಕೂಡುವಾಗ ಗಂಡು ಹೆಣ್ಣಿನ ಕತ್ತನ್ನು ಬಲವಾಗಿ ಕಚ್ಚಿ ಹಿಡಿಯುತ್ತದೆ; ಅದೂ ಮಕ್ಕಳಿಗೆ ಜಗಳದಂತೆಯೇ ಕಾಣುತ್ತದೆ. ಐದಾರು ವರ್ಷದ ಮಗುವಿದ್ದರೆ ಕಾರಿನಲ್ಲೇ ಎರಡು ಮಾತು ಹೇಳಿಟ್ಟುಕೊಳ್ಳುವುದು ವಾಸಿ.

ನೂರು ವರ್ಷದ ಹಿಂದೆ ಈ ದಡದಲ್ಲಿ ಒಂದೂ ಇರಲಿಲ್ಲ

19ನೇ ಶತಮಾನದಲ್ಲಿ ದೀಪದ ಎಣ್ಣೆಗಾಗಿ ಇವನ್ನು ಕೊಂದರು. ಓಡಲಾಗದ, ಮನುಷ್ಯನಿಗೆ ಹೆದರದ, ಟನ್‌ಗಟ್ಟಲೆ ಕೊಬ್ಬಿನ ಪ್ರಾಣಿ ಗುಂಪಾಗಿ ದಡದಲ್ಲಿ ಸಿಕ್ಕರೆ ಇನ್ನೇನಾಗುತ್ತದೆ. 1892ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ತಂಡ ಮೆಕ್ಸಿಕೊದ ಗ್ವಾಡಲೂಪೆ ದ್ವೀಪದಲ್ಲಿ ಬೆರಳೆಣಿಕೆಯಷ್ಟನ್ನು ಕಂಡಿತು. ಹೇಗೂ ಮುಗಿದುಹೋಗುವ ಜಾತಿ ಎಂದು ಅದರಲ್ಲೂ ಬಹುಪಾಲನ್ನು ಮ್ಯೂಸಿಯಂಗಾಗಿ ಕೊಂದಿತು! ಉಳಿದದ್ದು ನೂರಕ್ಕೂ ಕಡಿಮೆ ಎಂಬುದು ಇಂದಿನ ಅಂದಾಜು. ಆಗ ಸಮುದ್ರದಲ್ಲಿದ್ದವೇ ಕುಲ ಉಳಿಸಿದವು. 1922ರಲ್ಲಿ ಮೆಕ್ಸಿಕೊ ರಕ್ಷಣೆ ಕೊಟ್ಟಿತು, ಆಮೇಲೆ ಅಮೆರಿಕವೂ. ಆನ್ಯೊ ನುಯೆವೊ ದ್ವೀಪದಲ್ಲಿ 1955ರಲ್ಲಿ ಕಾಣಿಸಿಕೊಂಡವು, 1961ರಲ್ಲಿ ಅಲ್ಲಿ ಮರಿ ಹುಟ್ಟಿತು, 1975ರಲ್ಲಿ ಎದುರಿನ ಮುಖ್ಯ ದಡದಲ್ಲಿ. ಈಗ ಒಟ್ಟು ಸಂಖ್ಯೆ ಒಂದೂವರೆ ಲಕ್ಷ ದಾಟಿದೆ.

ಅಷ್ಟೂ ಪ್ರಾಣಿಗಳು ಆ ಕೆಲವೇ ಕೆಲವು ಉಳಿದವುಗಳ ಸಂತಾನ ಎನ್ನುವುದು ಚಿಂತೆಯ ವಿಷಯ. ಅನುವಂಶಿಕ ವೈವಿಧ್ಯ ತೀರಾ ಕಡಿಮೆ. ಹೊಸ ರೋಗ ಬಂದರೆ ತಡೆಯುವ ಬಗೆಬಗೆಯ ದೇಹಗಳು ಇಲ್ಲದಿರಬಹುದು. 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪದಲ್ಲಿ ಹಕ್ಕಿಜ್ವರದ ವೈರಸ್ಸು ಇವುಗಳ ದಾಯಾದಿಯಾದ ದಕ್ಷಿಣದ ಎಲಿಫೆಂಟ್ ಸೀಲ್‌ಗಳ ಆ ವರ್ಷದ ಮರಿಗಳನ್ನು ಹೆಚ್ಚುಕಡಿಮೆ ಪೂರ್ತಿ ಬಲಿ ತೆಗೆದುಕೊಂಡಿತು. ಹಾಗಾಗಿ ಹೊರಡುವ ಹಿಂದಿನ ದಿನ ಪಾರ್ಕ್‌ನ ವೆಬ್‌ಸೈಟ್ ನೋಡಿ. ರೋಗದ ಸುಳಿವು, ಬಿರುಗಾಳಿ, ಹೈವೇ 1ರಲ್ಲಿ ಗುಡ್ಡ ಕುಸಿತ, ಯಾವುದರಿಂದಲಾದರೂ ಟೂರ್ ನಿಲ್ಲಬಹುದು.

ಯಾವ ವಾರ ಹೋಗಬೇಕು

ಗೈಡ್ ಜೊತೆಗಿನ ನಡಿಗೆ ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಮಾತ್ರ. ಆ ಅವಧಿಯಲ್ಲಿ ಗೈಡ್ ಇಲ್ಲದೆ ಸೀಲ್‌ಗಳ ಜಾಗಕ್ಕೆ ಬಿಡುವುದಿಲ್ಲ. ಡಿಸೆಂಬರ್ ಮೊದಲ ಎರಡು ವಾರ ಯಾರಿಗೂ ಪ್ರವೇಶವಿಲ್ಲ, ಗಂಡುಗಳು ಬಂದು ನೆಲೆ ನಿಲ್ಲಲಿ ಎಂದು.

ಡಿಸೆಂಬರ್ ಕೊನೆಯಲ್ಲಿ ಹೋದರೆ ಗಂಡುಗಳ ಪೈಪೋಟಿ ನೋಡಲು ಒಳ್ಳೆಯ ಕಾಲ. ಕ್ರಿಸ್‌ಮಸ್ ರಜೆ ಬೇರೆ ಇರುತ್ತದೆ. ಮರಿಗಳು ಒಂದೋ ಎರಡೋ. ಜನವರಿ ಕೊನೆ, ಫೆಬ್ರವರಿ ಮೊದಲ ವಾರ ದಡ ತುಂಬಿ ತುಳುಕುತ್ತದೆ: ಹೆರಿಗೆ, ಹಾಲೂಡುವುದು, ಕಾಳಗ, ಕೂಡುವುದು ಎಲ್ಲ ಒಟ್ಟಿಗೆ. ಜೀವನದಲ್ಲಿ ಒಂದೇ ಸಲ ಹೋಗುವುದಾದರೆ ಆ ಹದಿನೈದು ದಿನವೇ ಸರಿ. ಫೆಬ್ರವರಿ ಮಧ್ಯದ ಮೇಲೆ ಹೆಣ್ಣುಗಳು ಖಾಲಿಯಾಗತೊಡಗುತ್ತವೆ, ಗಂಡುಗಳ ಹಾವಳಿ ಜೋರು. ಮಾರ್ಚ್ ತಿಂಗಳು ವೀನರ್‌ಗಳದ್ದು. ಚಿಕ್ಕ ಮಕ್ಕಳಿರುವ ಮನೆಗಳಿಗೆ ಇದೇ ಹೆಚ್ಚು ಹಿತ ಎಂಬುದು ನಮ್ಮ ಅಭಿಪ್ರಾಯ. ರಕ್ತಪಾತ ಕಡಿಮೆ, ಟಿಕೆಟ್ ಸಿಗುವುದೂ ಸುಲಭ. ಜನ ಮಾರ್ಚ್ ಅನ್ನು ಸುಮ್ಮನೆ ಕಡೆಗಣಿಸುತ್ತಾರೆ.

ಏಪ್ರಿಲ್‌ನಿಂದ ನವೆಂಬರ್‌ವರೆಗೆ ಪಾರ್ಕ್‌ನಲ್ಲೇ ಪರ್ಮಿಟ್ ಪಡೆದು ನೀವೇ ನಡೆದು ಹೋಗಬಹುದು. ಆಗ ಬಂದಿರುವುದು ಪೊರೆ ಬಿಡಲು: ಏಪ್ರಿಲ್-ಮೇನಲ್ಲಿ ಹೆಣ್ಣು ಮತ್ತು ಎಳೆಯವು, ಜುಲೈ-ಆಗಸ್ಟ್‌ನಲ್ಲಿ ದೊಡ್ಡ ಗಂಡುಗಳು. ಕೂದಲಿನ ಜೊತೆ ಚರ್ಮದ ಮೇಲ್ಪದರವೂ ಹಾಳೆ ಹಾಳೆಯಾಗಿ ಕಿತ್ತು ಬರುತ್ತದೆ. ಹೊಸ ಕೂದಲಿಗೆ ಚರ್ಮದವರೆಗೂ ಬಿಸಿ ರಕ್ತ ಹರಿಯಬೇಕು, ತಣ್ಣೀರಿನಲ್ಲಿ ಹಾಗೆ ಹರಿಸಿದರೆ ಮೈಯ ಶಾಖವೆಲ್ಲ ಸೋರಿಹೋಗುತ್ತದೆ. ಅದಕ್ಕೇ ನಾಲ್ಕೈದು ವಾರ ದಡ ಹಿಡಿಯುವುದು. ಗೊತ್ತಿಲ್ಲದವರು ಚರ್ಮರೋಗ ಎಂದು ಫೋನ್ ಮಾಡುತ್ತಾರೆ. ಊರಿಂದ ಅಪ್ಪ-ಅಮ್ಮ ಬೇಸಿಗೆಯಲ್ಲೇ ಬರುವುದಾದರೆ ಈ ಕಾಲದ ನೋಟವೂ ತೆಗೆದುಹಾಕುವಂಥದ್ದಲ್ಲ. ಗದ್ದಲ ಇರುವುದಿಲ್ಲ ಅಷ್ಟೇ.

ಬುಕಿಂಗ್, ದಾರಿ, ನಡಿಗೆ

ಟಿಕೆಟ್ ರಿಸರ್ವ್ ಕ್ಯಾಲಿಫೋರ್ನಿಯಾ ವೆಬ್‌ಸೈಟ್‌ನಲ್ಲಿ, ಸುಮಾರು ಎಂಟು ವಾರ ಮುಂಚೆ ತೆರೆಯುತ್ತದೆ. ಜನವರಿ-ಫೆಬ್ರವರಿಯ ಶನಿವಾರ ಭಾನುವಾರಗಳು ಬೇಗ ಖಾಲಿ. ನಾಲ್ಕೈದು ಮನೆ ಸೇರಿ ಹೋಗುವ ಪ್ಲ್ಯಾನ್ ಇದ್ದರೆ, ಒಂದು ಗುಂಪಿಗೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಒಬ್ಬರೇ ಕೂತು ಎಲ್ಲರಿಗೂ ಒಂದೇ ಹೊತ್ತಿನ ಟಿಕೆಟ್ ತೆಗೆಯಿರಿ. ಆಮೇಲೆ ವಾಟ್ಸಾಪ್‌ನಲ್ಲಿ ಹೊಂದಿಸಲು ಹೊರಟರೆ ಒಬ್ಬರು ಹತ್ತು ಗಂಟೆಗೆ, ಇನ್ನೊಬ್ಬರು ಎರಡು ಗಂಟೆಗೆ. ಕಾರಿನ ಪಾರ್ಕಿಂಗ್ ಶುಲ್ಕ ಪ್ರತ್ಯೇಕ.

ಹೆಚ್ಚು ಜನ ಎಡವುವುದು ಸಮಯದಲ್ಲಿ. ಗುಂಪು ಹೊರಟ ಮೇಲೆ ಬಂದವರಿಗೆ ಕಾಯುವುದಿಲ್ಲ. ಸ್ಯಾನ್ ಹೋಸೆ ಸುತ್ತಲಿನ ಸೌತ್ ಬೇಯಿಂದ ಒಂದೂವರೆ ಗಂಟೆ ಎಂದು ಮ್ಯಾಪ್ ತೋರಿಸಿದರೂ, ವಾರಾಂತ್ಯದಲ್ಲಿ ಹಾಫ್ ಮೂನ್ ಬೇಗೆ ಇಳಿಯುವ ಹೈವೇ 92ರಲ್ಲಿ ಅರ್ಧ ಗಂಟೆ ನಿಂತೇ ಹೋಗಬಹುದು. ಲಾ ಹೋಂಡಾ ಮೇಲೆ ಬರುವ ಹೈವೇ 84 ಕಾಡಿನ ದಾರಿ, ಚೆಂದ. ಆದರೆ ತಿರುವುಗಳು ಒಂದರ ಮೇಲೊಂದು, ವಾಂತಿ ಬರುವ ಮಕ್ಕಳಿದ್ದರೆ ಬೇಡ. ಪೆಟ್ರೋಲನ್ನು ಹಾಫ್ ಮೂನ್ ಬೇ ಅಥವಾ ಸಾಂಟಾ ಕ್ರೂಸ್‌ನಲ್ಲೇ ತುಂಬಿಸಿಕೊಳ್ಳಿ. ಕರಾವಳಿಯ ಈ ಭಾಗದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಟಿಕೆಟ್‌ನ ಪ್ರತಿಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರಬೇಕು.

ಒಟ್ಟು ನಡಿಗೆ ಹೋಗಿ ಬರಲು ಸುಮಾರು ಮೂರು ಮೈಲಿ, ಎರಡೂವರೆ ಗಂಟೆ. ಪಾರ್ಕಿಂಗ್‌ನಿಂದ ಗೈಡ್ ಸಿಗುವ ಜಾಗದವರೆಗೆ ಸುಮಾರು ಒಂದು ಮೈಲಿ ನೀವೇ ನಡೆಯಬೇಕು. ಟಿಕೆಟ್ ಹೊತ್ತಿಗೆ ಪಾರ್ಕಿಂಗ್ ತಲುಪಿದರೆ ಸಾಲದು ಎನ್ನುವುದು ಇದಕ್ಕೇ. ಅಲ್ಲಿಂದ ಮುಂದೆ ಮರಳು ದಿಬ್ಬ. ದೂರಕ್ಕಿಂತ ಸುಸ್ತು ಮಾಡುವುದು ಆ ಸಡಿಲ ಮರಳು, ಹೆಜ್ಜೆ ಇಟ್ಟಷ್ಟೂ ಹಿಂದಕ್ಕೆ ಜಾರುತ್ತದೆ. ಸ್ಟ್ರೋಲರ್ ಇಲ್ಲಿ ಭಾರವೇ ಹೊರತು ಅನುಕೂಲವಲ್ಲ, ಮಗುವನ್ನು ಬೆನ್ನಿಗೆ ಕಟ್ಟುವ ಕ್ಯಾರಿಯರ್ ತನ್ನಿ. ಅಮ್ಮನವರು ಸೀರೆಯ ಮೇಲೆ ಸ್ವೆಟರ್ ಹಾಕಿ ಚಪ್ಪಲಿಯಲ್ಲಿ ಹೊರಟರೆ ಅರ್ಧ ದಾರಿಗೆ ಮರಳು ಬೆರಳ ಸಂದಿಯಲ್ಲೆಲ್ಲ ತುಂಬಿ ನಡೆಯಲಾರರು. ಕಟ್ಟುವ ಶೂ, ದಪ್ಪ ಕಾಲುಚೀಲ, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಬೇ ಏರಿಯಾದ ಒಳಗೆ ಬಿಸಿಲಿದ್ದ ದಿನವೂ ಇಲ್ಲಿ ಗಾಳಿ ಕೊರೆಯುತ್ತದೆ. ಮಳೆ ಬಂದರೂ ಟೂರ್ ನಡೆಯುತ್ತದೆ. ಆ ಗಾಳಿಯಲ್ಲಿ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟ್ ತನ್ನಿ. ದಾರಿಯ ಪಕ್ಕದ ಪೊದೆ ಮುಟ್ಟಬೇಡಿ, ಮೂರೆಲೆಯ ಪಾಯ್ಸನ್ ಓಕ್ ತಾಗಿದರೆ ವಾರಗಟ್ಟಲೆ ತುರಿಕೆ.

ಚಿತ್ರಾನ್ನ, ಚಪಾತಿ-ಪಲ್ಯ ಕಟ್ಟಿಕೊಂಡು ಹೋದರೆ ಪಾರ್ಕಿಂಗ್ ಹತ್ತಿರವೇ ಮುಗಿಸಿ ಹೊರಡಿ. ಸೀಲ್‌ಗಳ ಜಾಗದಲ್ಲಿ ನೀರು ಬಿಟ್ಟು ಬೇರೇನೂ ಬಿಚ್ಚುವಂತಿಲ್ಲ. ವಿಸಿಟರ್ ಸೆಂಟರ್ ಹತ್ತಿರವೇ ಶೌಚಾಲಯಕ್ಕೆ ಹೋಗಿಬರುವುದು ಜಾಣತನ, ಮಕ್ಕಳನ್ನಂತೂ ಬಲವಂತವಾಗಿ. ನಾಯಿಯನ್ನು ತರಲೇಬೇಡಿ, ಸೀಲ್‌ಗೂ ನಾಯಿಗೂ ಹರಡುವ ರೋಗಗಳಿವೆ. ಡ್ರೋನ್ ಹಾರಿಸುವಂತಿಲ್ಲ.

ಸೀಲ್‌ನಿಂದ ಕನಿಷ್ಠ 25 ಅಡಿ ದೂರ ಇರಬೇಕು ಎಂಬುದು ನಿಯಮ. ಕಾರಣ ಎರಡು. ಮಲಗಿದ ಗಂಡು ಎರಡು ಟನ್ ಮೈಯನ್ನು ಎತ್ತಿಕೊಂಡು ಹತ್ತಾರು ಅಡಿ ನುಗ್ಗುವ ವೇಗ ನೋಡಿದವರಿಗೇ ಗೊತ್ತು, ಮರಳಿನಲ್ಲಿ ನಾವು ಅಷ್ಟು ಬೇಗ ಓಡಲಾರೆವು. ಇನ್ನೊಂದು ಮತ್ತದೇ ಕೊಬ್ಬಿನ ಲೆಕ್ಕ: ನಮ್ಮಿಂದಾಗಿ ಎದ್ದು ಸರಿಯುವ ಪ್ರತಿ ಪ್ರಾಣಿಯೂ ವಾಪಸು ತುಂಬಿಕೊಳ್ಳಲಾಗದ ಖರ್ಚು ಮಾಡುತ್ತದೆ, ತಾಯಿ ಸರಿದರೆ ಮರಿ ತಪ್ಪಿಹೋಗಬಹುದು. ಸೀಲ್ ಮತ್ತು ಸಮುದ್ರದ ನಡುವೆ ನಿಲ್ಲಬೇಡಿ, ಎರಡು ಗಂಡುಗಳ ನಡುವೆಯಂತೂ ಬೇಡವೇ ಬೇಡ. ದಾರಿಗೆ ಅಡ್ಡ ಒಂದು ಬಂದು ಮಲಗಿದರೆ ಗೈಡ್ ಗುಂಪನ್ನು ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ದಾರಿ ಹಿಡಿಸುತ್ತಾರೆ. ದಿನದಿನಕ್ಕೂ ದಾರಿ ಬದಲಾಗುವುದು ಸೀಲ್‌ಗಳು ಮಲಗುವ ಜಾಗದ ಮೇಲೆ. ಹೆಚ್ಚಿನ ಗೈಡ್‌ಗಳು ತರಬೇತಿ ಪಡೆದ ಸ್ವಯಂಸೇವಕರು. ಹಿಂದಿನ ರೆಕ್ಕೆಯ ಮೇಲಿನ ಹಸಿರು ಬಿಲ್ಲೆ, ಮೈಮೇಲೆ ಬಣ್ಣದಲ್ಲಿ ಬರೆದ ಗುರುತು ತೋರಿಸಿ ಕೇಳಿ, ಅವರಿಗೂ ಖುಷಿ. ಸಾಂಟಾ ಕ್ರೂಸ್ ವಿಶ್ವವಿದ್ಯಾಲಯದ ಸಂಶೋಧಕರು 1960ರ ದಶಕದ ಕೊನೆಯಿಂದ ಒಂದೊಂದು ಪ್ರಾಣಿಯನ್ನೂ ಹೀಗೆ ಗುರುತಿಟ್ಟು ಹಿಂಬಾಲಿಸುತ್ತಿದ್ದಾರೆ. ಮೇಲೆ ಹೇಳಿದ ತೂಕ, ಆಳ, ದಿನಗಳ ಲೆಕ್ಕದ ದೊಡ್ಡ ಪಾಲು ಬಂದದ್ದು ಆ ಕೆಲಸದಿಂದಲೇ. ಮೈಮೇಲೆ ದುಂಡಗಿನ ಗಾಯದ ಗುರುತು ಕಂಡರೆ ಅದು ಕುಕಿಕಟರ್ ಎಂಬ ಪುಟ್ಟ ಶಾರ್ಕ್ ಕಿತ್ತ ತುಂಡು.

ನಡೆಯಲಾರದ ಅಜ್ಜ-ಅಜ್ಜಿ ಇದ್ದರೆ

ಅವರನ್ನು ಕಾರಿನಲ್ಲಿ ಕೂರಿಸಿ ಹೋಗಬೇಕಿಲ್ಲ. ಗಾಲಿಕುರ್ಚಿ ಹೋಗುವಂತೆ ಹಲಗೆ ದಾರಿಯ ಮೇಲೆ ಪ್ರತ್ಯೇಕ ಟೂರ್‌ಗಳನ್ನು ಆನ್ಯೊ ನುಯೆವೊದಲ್ಲೇ ನಡೆಸುತ್ತಾರೆ, ಮುಂಚಿತವಾಗಿ ಬೇರೆಯಾಗಿ ಬುಕ್ ಮಾಡಬೇಕು.

ಅದೂ ಸಿಗದಿದ್ದರೆ ಪಿಯೆದ್ರಾಸ್ ಬ್ಲಾಂಕಾಸ್. ಸ್ಯಾನ್ ಸಿಮಿಯನ್ ಹತ್ತಿರ, ಹರ್ಸ್ಟ್ ಕ್ಯಾಸಲ್‌ನಿಂದ ಹೈವೇ 1ರಲ್ಲಿ ಸ್ವಲ್ಪವೇ ಉತ್ತರಕ್ಕೆ. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, ವರ್ಷಪೂರ್ತಿ ತೆರೆದಿರುತ್ತದೆ. ಪಾರ್ಕಿಂಗ್‌ನಿಂದ ನಾಲ್ಕು ಹೆಜ್ಜೆ ಇಟ್ಟರೆ ಬೇಲಿ ಹಾಕಿದ ಸಮತಟ್ಟು ಕಟ್ಟೆ, ಕೆಳಗೇ ಸೀಲ್‌ಗಳು. ಇಲ್ಲಿಗೆ ಅವು ಬಂದದ್ದು 1990ರಲ್ಲಿ, ಈಗ ದೊಡ್ಡ ನೆಲೆ. ಬೇ ಏರಿಯಾದಿಂದ ಮೂರು ಗಂಟೆಗೂ ಹೆಚ್ಚಿನ ದಾರಿ, ಹಾಗಾಗಿ ಲಾಸ್ ಏಂಜಲೀಸ್ ಕಡೆ ಹೋಗುವಾಗಲೋ ಬರುವಾಗಲೋ ಸೇರಿಸಿಕೊಂಡರೆ ಸರಿ. ಉತ್ತರದಲ್ಲಿ ಪಾಯಿಂಟ್ ರೇಯಿಸ್ ಇದೆ. 2019ರ ಜನವರಿಯಲ್ಲಿ ಸರ್ಕಾರಿ ಕಚೇರಿಗಳು ಮುಚ್ಚಿದ್ದಾಗ ಸೀಲ್‌ಗಳು ಡ್ರೇಕ್ಸ್ ಬೀಚ್‌ನ ಪಾರ್ಕಿಂಗ್‌ವರೆಗೂ ಬಂದು ಮಲಗಿದ್ದು ಅಲ್ಲೇ. ಚಳಿಗಾಲದ ವಾರಾಂತ್ಯಗಳಲ್ಲಿ ಸ್ವಯಂಸೇವಕರು ನಿಂತು ವಿವರಿಸುತ್ತಾರೆ.

ಈ ಮೂರೂ ಬಿಟ್ಟು ಬೇರೆ ಯಾವುದಾದರೂ ಬೀಚಿನಲ್ಲಿ, ಮಾರ್ಚ್-ಏಪ್ರಿಲ್‌ನಲ್ಲಿ ಒಂಟಿ ಮರಿ ಕಂಡರೆ ನೀರಿಗೆ ತಳ್ಳಬೇಡಿ, ಮೇಲೆ ನೀರು ಸುರಿಯಬೇಡಿ, ಮೀನು ಹಾಕಬೇಡಿ. ಬಹಳ ಸಲ ಅದು ಸುಮ್ಮನೆ ಮಲಗಿರುವ ವೀನರ್. ಕತ್ತು ಸಣಕಲಾಗಿ, ಎಲುಬು ಎದ್ದು ಕಂಡರೆ ಮಾತ್ರ ದೂರ ನಿಂತು, ಸಾಸಲಿಟೊದಲ್ಲಿರುವ ಮರೀನ್ ಮ್ಯಾಮಲ್ ಸೆಂಟರ್‌ಗೆ ಬೀಚಿನ ಹೆಸರು, ಹತ್ತಿರದ ಗುರುತು ಹೇಳಿ ಫೋನ್ ಮಾಡಿ, ಅವರು ಬರುವವರೆಗೆ ಜನ ಮತ್ತು ನಾಯಿಗಳನ್ನು ಹತ್ತಿರ ಬಿಡದಂತೆ ನೋಡಿಕೊಳ್ಳಿ.